ಗೀರೆಬೇಲಿಯ ಕಂಡಿ

ನಮ್ಮೂರಿನಲ್ಲಿ ಕೂಸು ಹುಟ್ಟಿದರೆ ಗಂಡೋ ಹೆಣ್ಣೋ ಎಂದು ಯಾರೂ ಮೊದಲು ಕೇಳುವುದಿಲ್ಲ. ಯಾರ ಹಾಗಿದೆ ಎಂದು ಕೇಳುತ್ತಾರೆ. ಮೂಗು ಯಾರದು, ಕಿವಿ ಯಾರದು, ನೆತ್ತಿಯ ಸುಳಿ ಯಾವ ಕಡೆಗೆ ತಿರುಗಿದೆ, ಕಾಲಿನ ಎರಡನೇ ಬೆರಳು ಹೆಬ್ಬೆರಳನ್ನು ಮೀರಿದೆಯೋ ಇಲ್ಲವೋ, ಎಲ್ಲವನ್ನೂ ನೋಡಿ, ಈ ಕಡೆಯವರಿಗಿಷ್ಟು ಆ ಕಡೆಯವರಿಗಿಷ್ಟು ಎಂದು ಹಂಚಿ, ಅದರ ಮೇಲೆ ಬೀಗಿತ್ತಿಯರು ಒಂದಿಷ್ಟು ಮಾತು ಬೆಳೆಸಿ, ಆಮೇಲೆ ಬಾಣಂತಿಗೆ ನೀರು ಕಾಯಿಸುತ್ತಾರೆ. ಬೇರೆ ಊರಿನವರಿಗೆ ನಗು ಬರಬಹುದು. ನಗಲಿ. ಅವರ ಊರಿನಲ್ಲಿ ಮುಖ ಕಳೆದುಹೋಗುವುದಿಲ್ಲ.

ಇಲ್ಲಿ ಕಳೆದುಹೋಗುತ್ತದೆ. ಹೊತ್ತು ಮುಳುಗಿದ ಮೇಲೆ ಮೊದಲ ಚುಕ್ಕಿ ಮೂಡುವವರೆಗೆ ಇರುವ ಮುಚ್ಚಂಜೆಯಲ್ಲಿ ಊರಬೇಲಿಯ ಆಚೆ ಸಿಕ್ಕಿಕೊಂಡವರ ಹೋಲಿಕೆಯನ್ನು ಆಚೆಯದು ತೆಗೆದುಕೊಂಡುಬಿಡುತ್ತದೆ. ಆಚೆಯದು ಅಂದರೆ ಏನು ಎಂದು ನನ್ನನ್ನು ಕೇಳಬೇಡಿ. ನಮ್ಮಜ್ಜಿಯೂ ಆಚೆಯದು ಅಂದಳು, ಅವಳಜ್ಜಿಯೂ ಹಾಗೇ ಅಂದಿದ್ದಳಂತೆ, ನಾನೂ ಅನ್ನುತ್ತೇನೆ. ಪಕ್ಕದ ಮನೆ ಸೂರಮ್ಮನ ಗಂಡ ಕರಿಯಣ್ಣ ಒಂದು ಸಲ ತಪ್ಪಿಸಿಕೊಂಡ ಮೇಕೆಮರಿ ಹುಡುಕುತ್ತ ಹಳ್ಳದ ಹತ್ತಿರ ತಡ ಮಾಡಿದ. ಬಂದಾಗ ಕಣ್ಣು, ಮೂಗು, ಬಾಯಿ ಎಲ್ಲವೂ ಇದ್ದಲ್ಲೇ ಇದ್ದವು. ಗಾಯವಿಲ್ಲ, ನೋವಿಲ್ಲ. ಆದರೆ ಅವು ಯಾರವೂ ಅಲ್ಲ. ಅವನಪ್ಪನ ದಪ್ಪ ತುಟಿ ಇಲ್ಲ, ಅವ್ವನ ಚೂಪು ಗಲ್ಲ ಇಲ್ಲ. ಯಾರನ್ನೂ ಹೋಲದ ಮುಖ ಮನಸ್ಸಿನಲ್ಲಿ ನಿಲ್ಲುವುದಿಲ್ಲ ನೋಡಿ. ಎದುರಿಗಿದ್ದಾಗ ಇರುತ್ತದೆ, ಆ ಕಡೆ ತಿರುಗಿದಿರೋ, ಹೇಗಿತ್ತು ಎಂದರೆ ಹೇಳಲು ಬರುವುದಿಲ್ಲ. ಅವನ ಅವ್ವ ಈಗ ಕಣ್ಣು ಮುಚ್ಚಿಕೊಂಡೇ ಅವನ ಜೊತೆ ಮಾತಾಡುತ್ತಾಳೆ, ದನಿ ಮಾತ್ರ ಮಗನದೇ ಆದ್ದರಿಂದ. ಸಂತೆಯಲ್ಲಿ ಗುರುತು ತಪ್ಪದಿರಲಿ ಎಂದು ಸೂರಮ್ಮ ಅವನ ಮುಂಗೈಗೆ ಕೆಂಪು ದಾರ ಕಟ್ಟಿದ್ದಾಳೆ. "ಮೊದಲಿದ್ದ ಮುಖಾನೂ ಅಷ್ಟರಲ್ಲೇ ಇತ್ತು ಬಿಡಕ್ಕ," ಎಂದು ನನ್ನೆದುರು ನಗುತ್ತಾಳೆ. ಆದರೆ ಅವನು ದಾರ ಬಿಚ್ಚಿಟ್ಟು ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲಲ್ಲೇ ನಿಂತಿರುತ್ತಾಳೆ, ಹೊರಗೆ ಬರುವವನು ಅವನೇ ಹೌದೋ ಅಲ್ಲವೋ ಎಂಬ ಭಯಕ್ಕೆ.

ಇದನ್ನು ತಡೆಯುವುದು ಗೀರೆಯ ಮುಳ್ಳೊಂದೇ. ಗೀರೆ ಕಾಡುಗಿಡ. ಆಳೆತ್ತರದ ಪೊದೆ, ಕಪ್ಪು ಹಣ್ಣು, ಬೆಕ್ಕಿನ ಉಗುರಿನಂಥ ಮುಳ್ಳು. ಕಡಿದು ತಂದು ಒಟ್ಟಿದ ಒಣಮುಳ್ಳಿಗೆ ಆಚೆಯದು ಸೊಪ್ಪು ಹಾಕುವುದಿಲ್ಲ, ಬೇರು ಮಣ್ಣಿನಲ್ಲಿರುವ ಹಸಿಮುಳ್ಳೇ ಆಗಬೇಕು. ಕೊಂಬೆ ನೆಟ್ಟರೆ ಗೀರೆ ಚಿಗುರುವುದಿಲ್ಲ, ಬೀಜದಿಂದಲೇ ಬರಬೇಕು. ಒಂದು ಗುಣ ಒಳ್ಳೆಯದು, ಅವಸರದ ಗಿಡ. ಮುಂಗಾರಿಗೆ ಬಿತ್ತಿದರೆ ಹಿಂಗಾರಿಗೆ ಹಣ್ಣು ಕೊಡುತ್ತದೆ. ಊರ ಸುತ್ತ ಇದೇ ಬೇಲಿ, ಮನೆಗೊಂದು ಪಾಲು. ನಿಮ್ಮ ಪಾಲನ್ನು ನೀವು ನೋಡಿಕೊಳ್ಳಬೇಕು, ನನ್ನ ಪಾಲನ್ನು ನಾನು.

ಈಗ ಆ ಪದ್ಧತಿ ಇಲ್ಲ, ಆಗ ಇತ್ತು: ಮದುವೆಯಾಗಿ ಬಂದ ಹೆಣ್ಣು ಮೊದಲ ದಿನ ಗಂಡನ ಮನೆಯ ಪಾಲಿನ ಬೇಲಿಯಿಂದ ಬರಿಗೈಯಲ್ಲಿ ಒಂದು ಮೊರ ಹಣ್ಣು ಬಿಡಿಸಬೇಕು. ಕೈಗೆ ಮುಳ್ಳು ತಾಗದಿದ್ದರೆ ಹೆಣ್ಣು ಮನೆಗೆ ಒಗ್ಗುತ್ತಾಳೆ ಎಂದು ನಂಬಿಕೆ. ಅವಳು ಬಿಡಿಸಿದ ಹಣ್ಣನ್ನು ಎಲ್ಲರೂ ಹಂಚಿ ತಿಂದು, ಬೀಜವನ್ನು ಆ ಮನೆಯ ಪಾಲಿಗೇ ಬಿತ್ತುತ್ತಿದ್ದರು. ಒಂದು ಹನಿ ರಕ್ತ ಬಂದರೂ ಅತ್ತೆ ಮುಖ ಗಂಟಿಕ್ಕುತ್ತಾಳೆ ಅಂದ ಮೇಲೆ ಯಾವ ಹೆಣ್ಣು ಮುಳ್ಳಿರುವ ಕೊಂಬೆಗೆ ಕೈ ಹಾಕುತ್ತಾಳೆ ಹೇಳಿ? ಎಲ್ಲರೂ ಹುಡುಕಿ ಹುಡುಕಿ ನುಣುಪು ಗಿಡದಿಂದಲೇ ಬಿಡಿಸಿದರು. ನಮ್ಮತ್ತೆಯೂ ಹಾಗೇ, ಅವಳತ್ತೆಯೂ ಹಾಗೇ, ನಾನೂ ಹಾಗೇ. ಬಿತ್ತಿದಂತೆ ಬೆಳೆ. ನುಣುಪಿನ ಬೀಜ ನುಣುಪಾಗಿಯೇ ಎದ್ದಿತು, ಮುಳ್ಳಿದ್ದ ಮುದಿಗಿಡಗಳು ಒಂದೊಂದಾಗಿ ಒಣಗಿದವು. ಸೋಬಾನೆ ಹೇಳಿ, ಆರತಿ ಎತ್ತಿ, ಊರಿಗೆ ಊರೇ ತನ್ನ ಬೇಲಿಯ ಹಲ್ಲನ್ನು ತಾನೇ ಕಿತ್ತುಕೊಂಡಿತು. ಒಬ್ಬರಿಗೂ ಹೊಳೆಯಲಿಲ್ಲ.

ನನ್ನ ಹೆಸರು ಓಬಳಮ್ಮ. ನನ್ನ ಗಂಡ ಪಾಲಯ್ಯ ಹಾವು ಕಚ್ಚಿ ಹೋದಾಗ ಮಗಳು ಗಾದ್ರಿ ಇನ್ನೂ ಮೊಲೆ ಬಿಟ್ಟಿರಲಿಲ್ಲ. ಆದರೂ ಅವನು ಪೂರ್ತಿ ಹೋದ ಎಂದು ನನಗೆ ಯಾವತ್ತೂ ಅನ್ನಿಸಲಿಲ್ಲ, ಯಾಕೆಂದರೆ ದಿನಾ ಬೆಳಿಗ್ಗೆ ಎದ್ದರೆ ಅವನ ಮುಖ ಗಾದ್ರಿಯ ಕತ್ತಿನ ಮೇಲೆ ಕೂತು ನನ್ನ ಹತ್ತಿರ ರೊಟ್ಟಿ ಕೇಳುತ್ತಿತ್ತು. ಕಿವಿಯ ಹಾಲೆಯ ಮೇಲೆ ಅವನದೇ ಮಚ್ಚೆ. ಹಣೆಯ ಮೇಲೆ ಎಣ್ಣೆ ಹಚ್ಚಿ ಬಾಚಿದರೂ ಮಲಗದ ಅವನದೇ ಗುಂಗುರು. ಎಡಹುಬ್ಬು ಮಾತ್ರ ತುದಿಯಲ್ಲಿ ಮೇಲಕ್ಕೆ ಏರಿತ್ತು, ಅದು ಪಾಲಯ್ಯನ ಅವ್ವನದು. ಇನ್ನು ನಕ್ಕರೆ ಬಲಗೆನ್ನೆಯಲ್ಲಿ ಮಾತ್ರ ಒಂದು ಗುಳಿ ಬೀಳುತ್ತಿತ್ತು. ಆ ಗುಳಿಯನ್ನು ನೋಡಿಯೇ ನಾನು ಪಾಲಯ್ಯನನ್ನು ಒಪ್ಪಿದ್ದು. ವಿಧವೆಯಾದ ಮೇಲೆ ಒಂದು ದಿನವೂ ಗಾದ್ರಿಯನ್ನು ನಗಿಸದೆ ನಾನು ಮಲಗಿದ್ದಿಲ್ಲ.

ಬೇಲಿಯ ಯಜಮಾನ ಬೊಮ್ಮಯ್ಯ. ಪ್ರತಿ ಹುಣ್ಣಿಮೆಯ ಬೆಳಿಗ್ಗೆ ಅಂಗೈಯನ್ನು ಬೇಲಿಗೆ ಒತ್ತಿ ಊರು ಸುತ್ತುವುದು ಅವನ ಕೆಲಸ. ಕೈ ಹರಿದರೆ ಬೇಲಿ ಗಟ್ಟಿ. ಅವನ ಅಂಗೈ ಹಳೆಯ ಚಪ್ಪಲಿಯ ಅಟ್ಟೆಯ ಹಾಗಿತ್ತು, ಹಾಗಾಗಿ ಅದನ್ನೂ ಹರಿಯುವ ಮುಳ್ಳು ಇರಬೇಕಿತ್ತು. ಗಾದ್ರಿಯನ್ನು ಗಂಡಿನ ಕಡೆಯವರು ಕೇಳಿ ಹೋಗಿದ್ದ ಬೇಸಿಗೆಯ ಕೊನೆಯ ಹುಣ್ಣಿಮೆ, ನಮ್ಮ ಪಾಲಿನ ಉದ್ದಕ್ಕೂ ಕೈ ಎಳೆದು ಬಂದು ಅಂಗೈ ತಿರುಗಿಸಿ ನೋಡಿಕೊಂಡ. ಒಣಗಿತ್ತು. ಮತ್ತೆ ಹಿಂದಕ್ಕೆ ಹೋಗಿ ಎಳೆದ. ಆಗಲೂ ಒಣಗಿತ್ತು.

"ಓಬಳಕ್ಕ, ನಿಮ್ ಪಾಲು ಬಾಯಿ ಬಿಟ್ಟೈತೆ," ಎಂದ.

"ಗಿಡ ದಟ್ಟವಾಗೈತಲ್ಲಣ್ಣ," ಎಂದೆ.

"ಗಿಡ ಐತೆ, ಮುಳ್ಳೆಲ್ಲೈತೆ? ಒಂದು ಗಾಡಿ ಹೋಗೋವಷ್ಟು ಅಗಲ ಒಂದ್ ಮುಳ್ಳಿಲ್ಲ. ಇದು ಬೇಲಿಯಲ್ಲ, ಕಂಡಿ." ಆಮೇಲೆ ನನ್ನ ಮುಖ ನೋಡದೆ ಹೇಳಿದ, "ಕಂಡಿ ಮುಚ್ಚೋವರೆಗೂ ಮುಚ್ಚಂಜೆಗೆ ಮನೆಯವರೊಬ್ರು ಕೂರ್ಬೇಕು. ನಿಂಗೆ ಗೊತ್ತಿರೋದೇ."

ಗೊತ್ತಿರುವುದೇ. ಕಂಡಿ ಬಿದ್ದ ಮನೆಯಲ್ಲಿ ಹುಟ್ಟಿದವರು ಯಾರಾದರೂ ಕಂಡಿಯಲ್ಲಿ ಬೆನ್ನು ಆಚೆಗೆ, ಮುಖ ಊರಿಗೆ ಮಾಡಿ ಕೂರಬೇಕು. ಆಚೆಯದು ಆ ಮನೆಯ ಹೋಲಿಕೆಯನ್ನು ಚೂರು ಚೂರೇ ಕಿತ್ತುಕೊಳ್ಳುತ್ತದೆ, ದಿನಾ ಬರುವುದೂ ಇಲ್ಲ, ಬಂದರೆ ಅಷ್ಟಕ್ಕೇ ತೃಪ್ತಿಪಟ್ಟು ಹಿಂದೆ ಸರಿಯುತ್ತದೆ, ಊರೊಳಗೆ ಕಾಲಿಡುವುದಿಲ್ಲ. ನಮ್ಮ ಮನೆಯಲ್ಲಿ ಹುಟ್ಟಿದವಳು ಗಾದ್ರಿ ಒಬ್ಬಳೇ.

"ನಾನು ಕೂರ್ತೀನಿ," ಎಂದೆ.

"ನೀನು ಬಂದೋಳು ಕಣಕ್ಕ. ನಿನ್ನ ಮುಖ ಆ ಮನೇದಲ್ಲ."

"ಇಪ್ಪತ್ತು ವರ್ಷ ಆ ಮನೆ ಒಲೆ ಊದಿದೀನಿ. ಹೊಗೆ ಕುಡಿಯೋವಾಗ ಆ ಮನೇವ್ಳು, ಈಗ ಬಂದೋಳಾ?"

ಬೊಮ್ಮಯ್ಯ ಒಣ ಅಂಗೈಯನ್ನೇ ಮತ್ತೊಮ್ಮೆ ತಿರುಗಿಸಿ ನೋಡಿಕೊಂಡ. ಅವನ ಸ್ವಂತ ಅಣ್ಣ ಕಂಡಿಯಲ್ಲಿ ಕೂತು ಮುಖ ಕಳೆದುಕೊಂಡವನು, ಕಟುಕನಲ್ಲ ಅವನು. ಉತ್ತರ ಕೊಟ್ಟವಳು ಸೂರಮ್ಮ. ಬೇಲಿಯ ಹತ್ತಿರದಿಂದ ನನ್ನ ಕೈ ಹಿಡಿದು ಮನೆಯೊಳಗೆ ಎಳೆದುಕೊಂಡು ಹೋಗಿ ಪಿಸುಮಾತಿನಲ್ಲಿ ಹೇಳಿದಳು. "ನಮ್ಮವ್ವನ ಕಾಲದಲ್ಲಿ ಮೂಡಲ ಬೀದಿ ಸೊಸೆ ಒಬ್ಳು ಹಿಂಗೇ ಹಟ ಮಾಡಿ ಕೂತಿದ್ಲಂತೆ. ಅದು ಅವಳನ್ನ ಹೊಸಲು ದಾಟ್ದಂಗೆ ದಾಟಿ ಒಳಗ್ ಬಂತಂತೆ ಅಕ್ಕ. ಬೆಳಿಗ್ಗೆ ಎದ್ರೆ ತೊಟ್ಟಿಲಾಗಿದ್ದ ಕೂಸುಗಳು ಯಾವ ಮನೇವು ಅಂತ ತಾಯಂದ್ರಿಗೇ ತಿಳೀಲಿಲ್ಲ. ನಿನ್ ಕಾಲಿಗ್ ಬೀಳ್ತೀನಿ, ನನ್ನ ಸೊಸೆ ಬಸುರಿ."

ನುಂಗಲೂ ಆಗದು, ಉಗುಳಲೂ ಆಗದು. ಮಧ್ಯಾಹ್ನ ಊರಿನವರು ಸೇರಿ ನುಣುಪು ಗಿಡಗಳನ್ನು ಬುಡಸಮೇತ ಕಿತ್ತು ಹಾಕಿದರು. ಸಂಜೆ ಗಾದ್ರಿ ತಾನೇ ಎದ್ದು ತಲೆ ಬಾಚಿಕೊಂಡು, ಮದುವೆಗೆ ಹೊರಟವಳ ಹಾಗೆ ಹೂ ಮುಡಿದು, ಕಂಡಿಯಲ್ಲಿ ಹೋಗಿ ಕೂತಳು. ನಾನು ಅವಳ ಎದುರಿಗೆ, ಮಂಡಿಗೆ ಮಂಡಿ ತಾಗುವಂತೆ ಕೂತೆ. ಕೂರಬಾರದು ಎಂಬ ಕಟ್ಟಳೆಯೇನೂ ಇಲ್ಲ, ಆದರೆ ಎದುರಿಗೆ ಕೂತವರ ಕಣ್ಣು ಆಚೆಗಿರುತ್ತದೆ, ಹಾಗಾಗಿ ಯಾರೂ ಕೂತಿದ್ದಿಲ್ಲ. ನಾನು ಅವಳ ಮುಖ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಊರಿನ ಬಾಗಿಲುಗಳು ಒಂದೊಂದಾಗಿ ಮುಚ್ಚುವ ಸದ್ದು ಕೇಳಿತು. ನಾಯಿಗಳು ಸುಮ್ಮನಾದವು. ಭಯಕ್ಕೆ ನನ್ನ ಬಾಯಿ ತಾನಾಗಿಯೇ ಮಾತಾಡತೊಡಗಿತು, ಸೂರಮ್ಮ ಗಂಡನೆಂದು ತಿಳಿದು ಬಳೆಗಾರನಿಗೆ ಮುದ್ದೆ ಬಡಿಸಿದ ಕಥೆ, ಬೊಮ್ಮಯ್ಯನ ಪಂಚೆ ಬೇಲಿಗೆ ಸಿಕ್ಕಿದ ಕಥೆ. ಗಾದ್ರಿ ನಕ್ಕಳು. ಗುಳಿ ಬಿತ್ತು. ಚುಕ್ಕಿ ಮೂಡಿತು.

ಕೆಲವು ದಿನ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಅವಳಿಗೆ ಓಲೆ ಹಾಕುವಾಗ ಕಿವಿಯ ಹಾಲೆ ಹಿಡಿದು ನೋಡುತ್ತೇನೆ, ಮಚ್ಚೆ ಇಲ್ಲ. ಒರೆಸಿ ನೋಡಿದೆ, ಉಗುಳು ಹಚ್ಚಿ ತಿಕ್ಕಿ ನೋಡಿದೆ. ಮಚ್ಚೆಯಿದ್ದ ಜಾಗ ಎಂಬ ಗುರುತೂ ಇಲ್ಲ. ಗಾದ್ರಿ ಕನ್ನಡಿ ಕೇಳಿದಳು, ನಾನು ಒಡೆದುಹೋಗಿದೆ ಎಂದೆ. "ಒಡೆದಿಲ್ಲ, ನೀನು ಅಕ್ಕಿ ಗುಡಾಣದಾಗಿಟ್ಟಿದ್ದೀ," ಎಂದಳು. ಇಬ್ಬರೂ ಅವತ್ತು ಊಟ ಮಾಡಲಿಲ್ಲ.

ಮುಳ್ಳಿರುವ ಗೀರೆ ಗುಡ್ಡದ ತುದಿಯಲ್ಲಿ ರಾಶಿ ಇದೆ, ಆದರೆ ಬೆಳಿಗ್ಗೆ ಹೊರಟವರು ಹೊತ್ತಿನೊಳಗೆ ಅಲ್ಲಿಂದ ಹಿಂದಿರುಗಲಾರರು. ಬೇರೆಯವರ ಪಾಲುಗಳಲ್ಲಿ ಅಲ್ಲಲ್ಲಿ ಉಳಿದಿದ್ದ ಮುಳ್ಳಿನ ಮುದಿಗಿಡಗಳು ಹಣ್ಣು ಬಿಡುವುದನ್ನು ನಿಲ್ಲಿಸಿದ್ದವು. ಹತ್ತಿರದಲ್ಲಿದ್ದದ್ದು ಹಳ್ಳದ ದಂಡೆಯ ಒಂಟಿ ಪೊದೆಯೊಂದೇ. ಮೈತುಂಬ ಮುಳ್ಳು, ಹಕ್ಕಿಯೂ ಕೂರದ ಗಿಡ. ಬೇಲಿಯ ಹೂವಿನ ಮೇಲಿದ್ದ ಜೇನುಗಳು ಹಳ್ಳ ದಾಟಿ ಅದಕ್ಕೂ ಹೋಗುತ್ತಿದ್ದವು, ಬೇರೆ ಯಾರೂ ಹೋಗುತ್ತಿರಲಿಲ್ಲ. ನಾನು ಹೋದೆ. ಹಿಂದಿನ ಫಸಲಿನ ಒಣಹಣ್ಣುಗಳನ್ನು ಮೊಣಕೈವರೆಗೆ ಚರ್ಮ ಹರಿಸಿಕೊಂಡು ಕಿತ್ತು ತಂದು ಮುಂಗಾರಿನ ಮೊದಲ ಮಳೆಗೆ ಕಂಡಿಯ ಉದ್ದಕ್ಕೂ ಬಿತ್ತಿದೆ. ಮುಳ್ಳಿನ ತಾಯಿಯ ಬೀಜ, ನೂಲಿನಂತೆ ಸೀರೆ ತಾನೇ? ಊರಿನವರೂ ಮಳೆಯಲ್ಲಿ ನೆನೆಯುತ್ತ ಬಂದು ಮೊಳಕೆ ನೋಡಿ ಹೋದರು.

ಗೀರೆಗೆ ಮುಳ್ಳು ಬರುವುದಿದ್ದರೆ ನಾಲ್ಕನೇ ಎಲೆಯ ಬುಡದಲ್ಲಿ ಬರುತ್ತದೆ. ನಾಲ್ಕನೇ ಎಲೆ ಬಂತು, ಐದನೆಯದು ಬಂತು. ಒಂದೇ ಒಂದು ಸಸಿಯಲ್ಲೂ ಮುಳ್ಳಿಲ್ಲ. ನಾನು ಕೆಸರಿನಲ್ಲಿ ಮೊಣಕಾಲೂರಿ ಒಂದೊಂದೇ ಸಸಿಯ ಕಾಂಡವನ್ನು ಬೆರಳಿನಲ್ಲಿ ಸವರುತ್ತ ಹೋದೆ. ಎಲ್ಲವೂ ಮಗುವಿನ ಕೆನ್ನೆಯ ಹಾಗೆ ನುಣುಪು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದು ಅಲ್ಲೇ ಕೂತು ಅತ್ತೆ.

ಬೊಮ್ಮಯ್ಯ ನಾಲ್ಕು ಆಳುಗಳ ಜೊತೆ ಕೀಳಲು ಬಂದ. ಮುಳ್ಳಿಲ್ಲದ ಸಸಿ ಬೇಲಿಯ ಜಾಗ ತಿನ್ನುತ್ತದೆ, ಇರಗೊಡಬಾರದು ಎಂಬುದು ಕಟ್ಟಳೆ. ಅವನು ಬಗ್ಗಿದಾಗ ಗಾದ್ರಿ ಅಡ್ಡ ನಿಂತಳು.

"ಬೊಮ್ಮಯ್ಯಮಾವ, ನನ್ನ ಎಡಹುಬ್ಬು ಯಾರ್ದು?"

"ನಿಮ್ಮಜ್ಜೀದು. ಊರಿಗೇ ಗೊತ್ತು."

"ನಮ್ಮಪ್ಪಂಗೆ ಹಿಂಗಿತ್ತಾ?"

"ಇಲ್ಲ. ಅವನ ಹುಬ್ಬು ನೆಟ್ಟಗಿತ್ತು."

"ಮತ್ತೆ ನಂಗೆಲ್ಲಿಂದ ಬಂತು? ಅಪ್ಪನ ಒಳಗೆ ಹಾದೇ ತಾನೇ ಬಂದಿದ್ದು? ಅವನಲ್ಲಿ ಕಾಣ್ಲಿಲ್ಲ, ಆದ್ರೆ ಇತ್ತು. ಈ ಸಸಿ ಒಳಗೂ ಮುಳ್ಳು ಹಂಗೇ ಮಲಗಿದ್ರೆ?"

ಬೊಮ್ಮಯ್ಯನಿಗೆ ಸಿಟ್ಟು ಬರಲಿಲ್ಲ, ಸುಸ್ತಾದವನ ಹಾಗೆ ಕಂಡ. "ಗಿಡ ಮನುಷ್ಯರಂಗಲ್ಲ ಕಣವ್ವ. ಗಿಡಕ್ಕೆ ತಾಯಿ ಉಂಟು, ಅಪ್ಪ ಎಲ್ಲವ್ನೆ? ತಾಯಿಯಂತೆ ಮಗಳು, ಅಷ್ಟೇ."

"ಅಪ್ಪ ಇಲ್ದೇ ಇದ್ರೆ, ಮೈಯೆಲ್ಲ ಮುಳ್ಳಿರೋ ತಾಯಿಗೆ ನುಣುಪು ಮಕ್ಕಳು ಹೆಂಗ್ ಹುಟ್ಟಿದ್ವು ಮಾವ?"

ಆಳುಗಳು ಕೈ ನಿಲ್ಲಿಸಿದರು. ನನಗೆ ಬೇಲಿಯ ನುಣುಪು ಗಿಡದ ಹೂಪುಡಿ ಹೊತ್ತು ಹಳ್ಳ ದಾಟುವ ಜೇನುಗಳು ಕಣ್ಣ ಮುಂದೆ ಬಂದವು. ನಾವು, ಮೂಗು ಕಿವಿಗಳ ಲೆಕ್ಕ ಇಡುವ ಜನ, ಅಜ್ಜಿಯದು ಮೊಮ್ಮಗಳಿಗೆ ಬಂತು ಎಂದು ತೊಟ್ಟಿಲ ಪಕ್ಕ ನಿಂತು ಹೇಳುವ ಜನ, ಅದೇ ಮಾತನ್ನು ಗಿಡಕ್ಕೆ ಹೇಳಿ ನೋಡಿರಲಿಲ್ಲ. ಬೊಮ್ಮಯ್ಯ ಒಂದು ಸಸಿಯ ಕಾಂಡವನ್ನು ಬೆರಳಿನಲ್ಲಿ ಸವರಿ ನೋಡಿದ. ಕಡೆಗೆ, "ಕಟ್ಟಳೆ ಮುರಿಯಾಕೆ ನಂಗೆ ಧೈರ್ಯ ಇಲ್ಲ. ಕೀಳ್ತೀನಿ. ಕಿತ್ತಿದ್ದು ಎಲ್ಲಿಗೋಯ್ತು ಅಂತ ನೋಡಲ್ಲ," ಎಂದ. ಅವನು ಕೀಳುತ್ತ ಹೋದ. ಗಾದ್ರಿ ಹಿಂದೆ ಹಿಂದೆ ಹೋಗಿ, ಬೇರು ಹರಿಯದಿದ್ದವನ್ನು ಆರಿಸಿ ಮಡಿಲಿಗೆ ಹಾಕಿಕೊಂಡಳು.

ಅವನ್ನು ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ಒತ್ತೊತ್ತಾಗಿ ನೆಟ್ಟೆವು. ಆ ವಾರವೇ ಅವಳ ಎಡಹುಬ್ಬು ನೆಟ್ಟಗಾಯಿತು. ನೆಟ್ಟಗೆ ಅಂದರೆ ಪಾಲಯ್ಯನ ಹುಬ್ಬಿನ ಹಾಗಲ್ಲ, ಯಾರ ಹುಬ್ಬಿನ ಹಾಗೂ ಅಲ್ಲ. ಅವಳನ್ನು ಕೇಳಿದ್ದ ಗಂಡಿನ ಕಡೆಯವರು ಹಬ್ಬದ ನೆಪ ಮಾಡಿ ಬಂದು, ಅವಳ ಮುಖವನ್ನು ಒಂದು ಸಲ ನೋಡಿ, ಕೊಟ್ಟ ಮಜ್ಜಿಗೆಯನ್ನು ಅರ್ಧಕ್ಕೆ ಬಿಟ್ಟು ಎದ್ದರು. ಮತ್ತೆ ಬರಲಿಲ್ಲ. ಗಾದ್ರಿ ಲೋಟ ತೊಳೆದಿಟ್ಟು ಸಂಜೆಗೆ ತಲೆ ಬಾಚಿಕೊಂಡಳು. ನಾನು ದಿನಾ ಅವಳ ಎದುರು ಕೂತೆ. ದಿನಾ ನಗಿಸಿದೆ. ಕಥೆ ಖರ್ಚಾದವು, ಹಳೆಯದನ್ನೇ ಮತ್ತೆ ಹೇಳಿದೆ, ಅವಳು ನನಗಾಗಿ ನಕ್ಕಳು. ಗುಳಿ ಬಿದ್ದರೆ ನನಗೆ ಉಸಿರು ಬರುತ್ತಿತ್ತು, ಅಲ್ಲಿಯವರೆಗೆ ಎದೆಯಲ್ಲಿ ಒರಳುಕಲ್ಲು ಇಟ್ಟ ಹಾಗೆ.

ಹಿತ್ತಲ ಗೀರೆ ಹೂ ಬಿಟ್ಟಾಗ ನಾವು ಹಗಲೆಲ್ಲ ಅದರ ಹತ್ತಿರ ಕಾದೆವು. ನುಣುಪು ಅಣ್ಣತಮ್ಮಂದಿರ ಹೂವಿನಿಂದ ಹೂವಿಗೆ ಜೇನು ಓಡಾಡಿತು. ಹಿಂಗಾರಿಗೆ ಹಣ್ಣಾಯಿತು. ಬೀಜವನ್ನು ಹಿತ್ತಲಲ್ಲೇ ಮಡಿ ಮಾಡಿ ಹಾಕಿದೆವು. ನಾಲ್ಕನೇ ಎಲೆ ಬರುವ ಹೊತ್ತಿಗೆ ನಾನು ನೋಡುವುದನ್ನೇ ಬಿಟ್ಟಿದ್ದೆ, ನೋಡಲು ಹೆದರಿಕೆ. ಒಂದು ಬೆಳಿಗ್ಗೆ ಒಳಗೆ ರಾಗಿ ಬೀಸುತ್ತಿದ್ದಾಗ ಗಾದ್ರಿ ಹಿತ್ತಲಲ್ಲಿ ಚೀರಿದಳು. ಓಡಿದೆ. ಅವಳು ತನ್ನ ತೋರುಬೆರಳನ್ನು ನನ್ನ ಕಣ್ಣಿನ ಹತ್ತಿರ ಹಿಡಿದಳು. ತುದಿಯಲ್ಲಿ ರಕ್ತದ ಹನಿ.

ಹೆಚ್ಚಿನ ಸಸಿಗಳು ನುಣುಪೇ. ಆದರೆ ಅಲ್ಲೊಂದು ಇಲ್ಲೊಂದು, ನಾಲ್ಕರಲ್ಲಿ ಒಂದು ಎನ್ನುವ ಹಾಗೆ, ಹಳ್ಳದ ಅಜ್ಜಿಯ ಉಗುರನ್ನು ಹೊತ್ತು ಬಂದಿತ್ತು. ನಾನು ಆ ಸಸಿಗಳನ್ನು ತಬ್ಬಿಕೊಂಡೆ, ಹುಚ್ಚಿಯ ಹಾಗೆ. ಸೂರಮ್ಮ ಬಂದಳು, ಬೊಮ್ಮಯ್ಯ ಬಂದ. ಅವನು ಅಂಗೈಯನ್ನು ಒಂದು ಸಸಿಯ ಮೇಲೆ ಒತ್ತಿ, ರಕ್ತ ಬಂದ ಕೈಯನ್ನು ಗಾದ್ರಿಯ ತಲೆಯ ಮೇಲಿಟ್ಟ.

ಆದರೆ ಗಿಡ ಬೆಳೆಯಲು ಹೊತ್ತು ಬೇಕು, ಕಿತ್ತುಕೊಳ್ಳುವುದಕ್ಕೆ ಹೊತ್ತು ಬೇಡ. ಕಂಡಿಯ ಎರಡೂ ಅಂಚಿನಿಂದ ಮುಳ್ಳುಸಸಿಗಳನ್ನು ನೆಡುತ್ತ ಬಂದೆವು. ಅವು ಮೊಣಕಾಲೆತ್ತರ ಬರುವಷ್ಟರಲ್ಲಿ ಅವಳ ಹಣೆಯ ಗುಂಗುರು ಹೋಯಿತು, ಕೂದಲು ಒದ್ದೆ ನಾರಿನ ಹಾಗೆ ಮಲಗಿತು. ಇನ್ನು ಉಳಿದದ್ದು ಕೆನ್ನೆಯ ಗುಳಿಯೊಂದೇ. ಅವಳು ಸುಮ್ಮನೆ ಕೂತಿದ್ದರೆ ನನಗೆ ಅವಳು ಅರ್ಧ ಮರೆತುಹೋಗುತ್ತಿದ್ದಳು. ಬಾವಿಗೆ ಹೋದವಳು ಮಗಳ ಮುಖ ನೆನಪಿಸಿಕೊಳ್ಳಲು ಹೋದರೆ ಗುಳಿ ಬಿದ್ದ ಒಂದು ಕೆನ್ನೆ ಬರುತ್ತಿತ್ತು, ಸುತ್ತ ಏನೂ ಬರುತ್ತಿರಲಿಲ್ಲ. ಕೊಡವನ್ನು ಅಲ್ಲೇ ಬಿಟ್ಟು ಓಡಿ ಬರುತ್ತಿದ್ದೆ. ದೇವರೇ, ಆ ಒಂದು ಗುಳಿ ಬಿಡು, ಬೇರೆ ಏನು ಬೇಕಾದರೂ ತಗೋ ಎಂದು ಬೇಡಿಕೊಂಡೆ.

ಮುಂದಿನ ಮುಂಗಾರಿಗೆ ಸಸಿಗಳು ಸೊಂಟದೆತ್ತರ ಬಂದು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡವು. ಕಂಡಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಮಾತ್ರ ಉಳಿಯಿತು. ಅಲ್ಲಿಗೆಂದು ಎಲ್ಲಕ್ಕಿಂತ ಗಟ್ಟಿಯಾದ ಸಸಿಯನ್ನು ಹಳೆಯ ಹಂಡೆಯಲ್ಲಿ ಬೆಳೆಸಿದ್ದೆವು. ಒಳ್ಳೆಯ ಮಳೆ ಬಿದ್ದ ಮಾರನೇ ದಿನ ನೆಡಲು ಹೊರಟೆವು. ಸಂಜೆಯೊಳಗೆ ಮುಗಿಯಬೇಕಿತ್ತು. ಗುಂಡಿ ತೋಡಿದರೆ ಕಲ್ಲು ಸಿಕ್ಕಿತು. ಕರಿಯಣ್ಣ ಹಾರೆ ತಂದು ಮೀಟಿದ, ಅಲ್ಲಾಡಲಿಲ್ಲ. ಸುತ್ತ ಕೆದರಿದೆವು, ನೀರು ಸುರಿದೆವು, ಮತ್ತೆ ಮೀಟಿದ. ಕಲ್ಲು ಹೊರಳಿ ಬರುವಷ್ಟರಲ್ಲಿ ಗುಡ್ಡದ ಹಿಂದೆ ಹೊತ್ತು ಇಳಿದಿತ್ತು. "ನೀವು ಹೋಗ್ರಕ್ಕ, ನಾನು ನೆಡ್ತೀನಿ. ನನ್ನ ಹತ್ರ ಇನ್ನೇನೈತೆ ಅದು ತಗೊಳ್ಳಾಕೆ?" ಎಂದ ಕರಿಯಣ್ಣ. ಆದರೆ ಕಂಡಿಯಲ್ಲಿ ಮನೆಯ ಮುಖ ಇಲ್ಲದಿದ್ದರೆ ಅದು ಊರೊಳಗೆ ಬರುತ್ತದೆ, ಗಾದ್ರಿ ಏಳುವಂತಿರಲಿಲ್ಲ. ಸೂರಮ್ಮ ಬಾಗಿಲಿನಿಂದ ಅಳುತ್ತ ಕೂಗಿದಳು, ಮನೆಯಲ್ಲಿ ಮೊಮ್ಮಗುವಿತ್ತು. ಕರಿಯಣ್ಣನನ್ನು ನಾನೇ ಕಳಿಸಿದೆ.

ಗಾದ್ರಿ ಗುಂಡಿಯ ಅಂಚಿನಲ್ಲಿ, ಬೆನ್ನು ಆಚೆಗೆ ಮಾಡಿ ಕೂತಳು. ನಾನು ಅವಳ ಕಾಲ ಬಳಿ ಮಣ್ಣು ಬಾಚುತ್ತಿದ್ದೆ. ಬಾಚಿದ ಮಣ್ಣು ಮತ್ತೆ ಗುಂಡಿಗೇ ಬೀಳುತ್ತಿತ್ತು. ಬಾಯಲ್ಲಿ ಕಥೆ ನಡೆದೇ ಇತ್ತು, ಸೂರಮ್ಮ, ಬಳೆಗಾರ, ಮುದ್ದೆ. "ಎರಡನೇ ಮುದ್ದೆ ಹಾಕೋವಾಗ್ಲೂ ಅವಳಿಗೆ ಗೊತ್ತಾಗ್ಲಿಲ್ವೇನವ್ವ?" ಎಂದು ಗಾದ್ರಿ ಯಾವಾಗಲೂ ಕೇಳುವ ಜಾಗದಲ್ಲಿ ಕೇಳಿ ನಕ್ಕಳು. ನಾನು ಉಸಿರು ಬಿಡಲು ತಲೆ ಎತ್ತಿದೆ.

ಕೆನ್ನೆ ಸಪಾಟಾಗಿತ್ತು.

ಅವಳಿಗೆ ತಿಳಿದಿರಲಿಲ್ಲ, ಇನ್ನೂ ನಗುತ್ತಿದ್ದಳು. ಒಂದು ವರ್ಷ ಕಾಪಾಡಿಕೊಂಡಿದ್ದ ನನ್ನ ಕಣ್ಣು ಅವಳ ಮುಖದಿಂದ ಜಾರಿ ಅವಳ ಹೆಗಲಿನ ಆಚೆಗೆ ಹೋಯಿತು. ಅಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ನನ್ನ ಮಗಳು ನಿಂತಿದ್ದಳು. ಮೈ ಇತ್ತೋ ಇಲ್ಲವೋ ಆ ಮಬ್ಬಿನಲ್ಲಿ ಕಾಣಲಿಲ್ಲ. ಮುಖ ಕಂಡಿತು. ಕಿವಿಯ ಹಾಲೆಯಲ್ಲಿ ಮಚ್ಚೆ, ಮೇಲಕ್ಕೇರಿದ ಎಡಹುಬ್ಬು, ಹಣೆಯ ಮೇಲೆ ಮಲಗದ ಗುಂಗುರು. ಒಂದೂ ಕಡಿಮೆಯಿಲ್ಲ. ಅದು ನನ್ನನ್ನು ನೋಡಿ ನಕ್ಕಿತು, ಬಲಗೆನ್ನೆಯಲ್ಲಿ ಗುಳಿ ಬಿತ್ತು. ಪಾಲಯ್ಯ ನನ್ನನ್ನು ನೋಡಲು ಬಂದ ದಿನ ಹೊಸಲಲ್ಲಿ ನಿಂತು ನಕ್ಕಿದ್ದು ಹಾಗೆಯೇ. ನನ್ನ ಕೈ ತಾನಾಗಿಯೇ ಗುಂಡಿಯಿಂದ ಮೇಲೆದ್ದು ಅದರ ಕಡೆಗೆ ಹೋಯಿತು. ಅದು ಮುಟ್ಟಲು ಅನುಕೂಲವಾಗಲಿ ಎಂಬಂತೆ ಸ್ವಲ್ಪ ಬಗ್ಗಿತು.

"ಅವ್ವಾ."

ಕರೆದದ್ದು ಅದಲ್ಲ. ದನಿ ಈಚೆಯಿಂದ ಬಂತು, ನನ್ನ ಎದುರಿನಿಂದಲೇ. "ಅವ್ವಾ, ಯಾರ್ನ ನೋಡ್ತಿದ್ದೀ?"

ಕಣ್ಣು ಇಳಿಸಿ ನೋಡಿದೆ. ಯಾವುದೋ ಹುಡುಗಿ ಕೂತಿದ್ದಳು. ಆ ಮುಖವನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಇವಳು ಯಾರು, ನನ್ನ ಮನೆಯ ಕಂಡಿಯಲ್ಲಿ ಯಾಕೆ ಕೂತಿದ್ದಾಳೆ ಎಂದು ಒಂದು ಗಳಿಗೆ ಭಯವಾಯಿತು, ನಿಜ ಹೇಳುತ್ತೇನೆ, ಆಚೆ ನಿಂತದ್ದಕ್ಕಿಂತ ಇವಳ ಭಯವೇ ಹೆಚ್ಚಾಯಿತು. ಅವಳು ನನ್ನ ಕಣ್ಣಿನಲ್ಲಿ ಅದನ್ನು ಕಂಡಳು. ಹಿಂದಕ್ಕೆ ತಿರುಗಲಿಲ್ಲ. ಮುಖವನ್ನು ಎರಡೂ ಕೈಯಿಂದ ಮುಟ್ಟಿ ನೋಡಿಕೊಂಡು, ಮೆಲ್ಲಗೆ, "ಅದೂ ಹೋಯ್ತೇನವ್ವ?" ಎಂದಳು.

ದನಿ ಗಾದ್ರಿಯದೇ. ಹಂಡೆಯಿಂದ ಸಸಿಯನ್ನು ಬುಡ ಹಿಡಿದು ಎತ್ತಿದೆ. ಮುಳ್ಳು ಅಂಗೈಯಲ್ಲಿ ಇಳಿದದ್ದು ತಿಳಿಯಿತು, ಬಿಡಲಿಲ್ಲ. ಗಾದ್ರಿಯನ್ನು ಮೊಣಕೈಯಿಂದ ಈಚೆಗೆ ತಳ್ಳಿ ಅವಳ ಕಾಲ ಬಳಿಯಿದ್ದ ಗುಂಡಿಗೆ ಬೇರು ಇಳಿಸಿದೆ. ಮಣ್ಣು ತಳ್ಳಿದೆ, ಕೈಯಲ್ಲಿ ಗುದ್ದಿದೆ. ಕೊಂಬೆಗಳ ಸಂದಿಯಲ್ಲಿ ಅದು ಇನ್ನೂ ನನ್ನ ಕಡೆಗೆ ಬಗ್ಗಿಕೊಂಡೇ ನಗುತ್ತಿತ್ತು, ಗುಳಿ ಬಿದ್ದ ಕೆನ್ನೆಯನ್ನು ಮುಂದೆ ಮಾಡಿ. ಆ ಕೆನ್ನೆಗೆ ಅಡ್ಡವಾಗಿ ಒಂದು ಮುಳ್ಳುಕೊಂಬೆಯನ್ನು ಎಳೆದು ಪಕ್ಕದ ಗಿಡಕ್ಕೆ ಸಿಕ್ಕಿಸಿದೆ. ಆಮೇಲೆ ಇನ್ನೊಂದನ್ನು. ಕಂಡಿ ಮುಚ್ಚಿತು.

ಬೇಲಿಗೆ ಬೆನ್ನು ಮಾಡಿ ಕೂತು ಹುಡುಗಿಯ ಮುಖವನ್ನು ರಕ್ತದ ಕೈಗಳಲ್ಲಿ ಹಿಡಿದುಕೊಂಡೆ. ನೋಡಿದೆ. ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ಹೋದೆ, ಏನೂ ಬರಲಿಲ್ಲ. ಕಣ್ಣು ತೆರೆದು ಮತ್ತೆ ಮೊದಲಿನಿಂದ ನೋಡತೊಡಗಿದೆ.